ಓದಿದವರ ಪಟ್ಟಿ

ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಸದ್ದಾಗುವಷ್ಟು ನಲ್ಲಿ ತಿರುಗಿಸಿ, ಯೋಗೀಶ ಮತ್ತೆ ಆ ಪಟ್ಟಿಯನ್ನು ತೆರೆದ. ಶನಿವಾರ; ಬೆಳಗಿನಿಂದ ಇದು ನಾಲ್ಕನೆಯ ಸಲ. ಐವತ್ತೊಂದು ವರ್ಷದ ಗಂಡಸು, ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್, ತನ್ನದೇ ಮನೆಯಲ್ಲಿ ಕಳ್ಳನ ಹಾಗೆ ಬಕೆಟ್ಟಿನ ಪಕ್ಕ ನಿಂತು ಫೋನು ನೋಡುತ್ತಿದ್ದಾನೆ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ವಾಟ್ಸಾಪ್ ಗುಂಪಿಗೆ ನಾವು ಕಳಿಸಿದ ಸಂದೇಶದ ಮೇಲೆ ಬೆರಳು ಒತ್ತಿ ಹಿಡಿದು ನೋಡಿದರೆ, ಅದನ್ನು ಯಾರು ಯಾರು ಓದಿದರು, ಎಷ್ಟು ಹೊತ್ತಿಗೆ ಓದಿದರು ಎಂಬುದೆಲ್ಲ ಸಿಗುತ್ತದೆ. 'ಯಮುನಾ ತೀರದ ಕನ್ನಡಿಗರು' ಎಂಬ ಆ ಗುಂಪಿನಲ್ಲಿ ನೂರ ಎಂಬತ್ತು ಜನ. ಹೆಸರುಗಳನ್ನು ಒಂದೊಂದಾಗಿ ಸರಿಸುತ್ತ ಬಂದ. ದ್ವಾರಕಾದ ದಂತವೈದ್ಯರು, ಆರ್.ಕೆ. ಪುರಂನ ಪುರೋಹಿತರು, ಗುರುಗ್ರಾಮದ ಚರಣ್. ಅವರ ನಡುವೆ, ನಿನ್ನೆ ಸಂಜೆ ಎಲ್ಲಿತ್ತೋ ಅಲ್ಲೇ ಇತ್ತು: ಪ್ರಕೃತಿ ಅರಸೀಕೆರೆ, ಗುರುವಾರ, ಸಂಜೆ ನಾಲ್ಕು ಹದಿನೇಳು. ಮಂಗಳವಾರ ಬೆಳಗ್ಗೆ ಮನೆಯೊಡತಿಯ ನಾಯಿಯನ್ನು ಹಿಡಿದುಕೊಂಡು ಓಲ್ಡ್ ರಾಜಿಂದರ್ ನಗರದ ಗಲ್ಲಿಯಲ್ಲಿ ನಡೆದುಹೋದ ಹುಡುಗಿ, ಆಮೇಲೆ ಯಾರ ಕಣ್ಣಿಗೂ ಬೀಳದ ಹುಡುಗಿ, ಗುರುವಾರ ಸಂಜೆ ಎಲ್ಲೋ ಕೂತು ಯೋಗೀಶ ತನ್ನ ಬಗ್ಗೆ ಬರೆದದ್ದನ್ನು ಓದಿದ್ದಳು. ಎಂದರೆ ಬದುಕಿದ್ದಳು. ಇದು ಗೊತ್ತಿದ್ದವನು ಅವನೊಬ್ಬನೇ. ಯಾರಿಗಾದರೂ ಹೇಳಬೇಕೆಂದರೆ ತಾನು ಬರೆದದ್ದನ್ನು ಮೊದಲು ತೋರಿಸಬೇಕಾಗಿತ್ತು.

"ರೀ, ಎಷ್ಟೊತ್ತು? ಅವರು ಕಾಯ್ತಿದಾರೆ," ಎಂದು ಹೆಂಡತಿ ಅಹಲ್ಯಾ ಬಾಗಿಲು ತಟ್ಟಿದಳು.

ಹಾಲ್‌ನಲ್ಲಿ ಸೋಫಾದ ತುದಿಗೆ ಕೂತಿದ್ದವರು ಪ್ರಕೃತಿಯ ತಂದೆ ಚಂದ್ರಪ್ಪ. ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ಹೋದ ವರ್ಷ ನಿವೃತ್ತರಾದವರು. ನಿನ್ನೆ ರಾತ್ರಿ, ಜೀವನದಲ್ಲೇ ಮೊದಲ ಸಲ ವಿಮಾನ ಹತ್ತಿ, ಸರೋಜಿನಿ ನಗರದ ಈ ಸರ್ಕಾರಿ ಕ್ವಾರ್ಟರ್ಸ್‌ಗೆ ಬಂದಿಳಿದಿದ್ದರು. ಸ್ನಾನ ಮಾಡಿ, ಇಸ್ತ್ರಿಯ ಗೆರೆ ಇನ್ನೂ ಉಳಿದ ಬಿಳಿ ಅಂಗಿ ತೊಟ್ಟು, ಯಾರದೋ ಮದುವೆಗೆ ಹೊರಟವರ ಹಾಗೆ ಅಚ್ಚುಕಟ್ಟಾಗಿ ಕೂತಿದ್ದರು. ಬೆಳಗ್ಗೆ ಎಂಟು ಗಂಟೆಗೆ ಪೊಲೀಸ್ ಠಾಣೆಯಿಂದ ಫೋನು ಬಂದಿತ್ತು. ಬುಧವಾರ ಸಂಜೆ ನಾಲೆಯಲ್ಲಿ ಒಂದು ಹೆಣ್ಣಿನ ಶವ ಸಿಕ್ಕಿದೆ, ವಯಸ್ಸು ಇಪ್ಪತ್ತೈದರ ಆಸುಪಾಸು, ಬಂದು ನೋಡಿ ಗುರುತು ಹೇಳಬೇಕು. ಬುಧವಾರ ಎಂಬ ಮಾತು ಕಿವಿಗೆ ಬಿದ್ದಾಗಲೇ ಯೋಗೀಶನಿಗೆ ಲೆಕ್ಕ ಹೊಳೆದಿತ್ತು: ಬುಧವಾರ ಸತ್ತವಳು ಗುರುವಾರ ಓದುವುದಿಲ್ಲ. ಆದರೂ ಅವನು "ಜೀ, ಆತೇ ಹೈಂ," ಬರುತ್ತೇವೆ ಎಂದು ಫೋನಿಟ್ಟು, ಚಂದ್ರಪ್ಪನವರ ಕಡೆ ತಿರುಗಿ, "ಏನೋ ಗುರುತು ಹಿಡಿಯೋದಿದೆಯಂತೆ. ಅವಳಾಗಿರಲಿಕ್ಕಿಲ್ಲ ಬಿಡಿ," ಎಂದಿದ್ದ. 'ಇರಲಿಕ್ಕಿಲ್ಲ' ಎಂಬ ಮಾತು ಅವನಿಗೆ ಆಫೀಸಿನಿಂದ ಅಂಟಿಕೊಂಡದ್ದು. ಅದು ಯಾರನ್ನೂ ಸಿಕ್ಕಿಸುವುದಿಲ್ಲ, ಯಾರಿಗೂ ಸಮಾಧಾನವನ್ನೂ ಕೊಡುವುದಿಲ್ಲ.

ಅಹಲ್ಯಾ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಚಂದ್ರಪ್ಪ ಬೇಡವೆನ್ನಲಾಗದೆ ಒಂದು ಚಮಚ ಬಾಯಿಗಿಟ್ಟು ಅದನ್ನೇ ಬಹಳ ಹೊತ್ತು ಅಗಿದರು. ಮಗಳು ಹರಿಣಿ ಊಟದ ಮೇಜಿನ ಬಳಿ ಫೋನಿನಿಂದ ತಲೆ ಎತ್ತದೆಯೇ, "ಪಪ್ಪಾ, ಇಂಟರ್ನೆಟ್ ಪೇ ಸಬ್ ಬೋಲ್ ರಹೇ ಹೈಂ, ಡಾಗ್ ಅಕೇಲಾ ವಾಪಸ್ ಆಯಾ, ಮತ್ಲಬ್ ಉಸ್ನೇ ಖುದ್ ಹೀ ಛೋಡಾ," ಎಂದಳು. ನಾಯಿ ಒಂಟಿಯಾಗಿ ವಾಪಸು ಬಂತು, ಎಂದರೆ ಅವಳೇ ಬಿಟ್ಟುಕಳಿಸಿದ್ದು ಎಂದು ಎಲ್ಲರ ಮಾತು.

"ಹರಿಣಿ, ಬಾಯ್ಮುಚ್ಚು," ಎಂದಳು ಅಹಲ್ಯಾ.

"ಏನಂತೆ ಸಾರ್ ಮಗು ಹೇಳಿದ್ದು?" ಎಂದು ಚಂದ್ರಪ್ಪ ಆಸೆಯಿಂದ ಕೇಳಿದರು.

"ಏನಿಲ್ಲ, ಸ್ಕೂಲಿನ ವಿಷಯ," ಎಂದ ಯೋಗೀಶ. ಹದಿನಾರು ವರ್ಷದ ಹುಡುಗಿ ಅಪ್ಪನ ಮುಖವನ್ನೊಮ್ಮೆ ನೋಡಿ ಮತ್ತೆ ಫೋನಿಗೆ ತಲೆ ಬಗ್ಗಿಸಿದಳು.

ಆ ನಾಯಿಯ ವಿಷಯ ಈಗ ದಿಲ್ಲಿಗೆಲ್ಲ ಗೊತ್ತಿತ್ತು. ಮೊಣಕಾಲು ನೋವಿನ ಮನೆಯೊಡತಿ ಸಾಕಿದ್ದ, ಲಡ್ಡೂ ಎಂಬ ಹೆಸರಿನ, ಏದುಸಿರು ಬಿಡುವ ಮುದಿ ಪಗ್. ಅದನ್ನು ದಿನಾ ಬೆಳಗ್ಗೆ ಓಡಾಡಿಸುವ ಕೆಲಸವನ್ನು ಪ್ರಕೃತಿ ತಾನಾಗಿ ವಹಿಸಿಕೊಂಡಿದ್ದಳು. ಸಿಸಿಟಿವಿಯ ಇಪ್ಪತ್ತಮೂರು ಸೆಕೆಂಡಿನ ತುಣುಕಿನಲ್ಲಿ ಅವಳು ಕ್ಯಾಮೆರಾಕ್ಕೆ ಬೆನ್ನು ಮಾಡಿ ನಡೆಯುತ್ತಾಳೆ, ನಾಯಿ ಒಂದು ಕಂಬದ ಬುಡದಲ್ಲಿ ನಿಲ್ಲುತ್ತದೆ, ಅವಳು ಕಾಯುತ್ತಾಳೆ, ಇಬ್ಬರೂ ತಿರುವಿನಲ್ಲಿ ಮರೆಯಾಗುತ್ತಾರೆ. ಕಾಲು ಗಂಟೆಯ ನಂತರದ ಇನ್ನೊಂದು ತುಣುಕಿನಲ್ಲಿ ನಾಯಿಯೊಂದೇ, ಹಗ್ಗ ಎಳೆದುಕೊಂಡು, ವಾಪಸು ಬರುತ್ತದೆ. ಇಷ್ಟೇ. ಇಷ್ಟರಿಂದ ಜನ ಏನೆಲ್ಲ ಹುಟ್ಟಿಸಿದರು! ಚಪ್ಪಲಿ ಬಿಟ್ಟು ಷೂ ಯಾಕೆ ಹಾಕಿದ್ದಳು ಎಂದು ಒಬ್ಬರು. ತಿರುವಿನಲ್ಲಿ ನಾಯಿ ಬೊಗಳಲಿಲ್ಲ, ಆದ್ದರಿಂದ ಅಲ್ಲಿ ನಿಂತಿದ್ದವನು ಪರಿಚಯದವನೇ ಎಂದು ಇನ್ನೊಬ್ಬರು. ನಿವೃತ್ತ ಇಂಜಿನಿಯರೊಬ್ಬರು ಅವಳ ಹೆಜ್ಜೆ ಎಣಿಸಿ, ಇದು ನಾಯಿ ಓಡಾಡಿಸುವವರ ವೇಗವಲ್ಲ ಎಂದು ತೀರ್ಪು ಕೊಟ್ಟರು. ಗುರುಗ್ರಾಮದ ಐಟಿ ಕಂಪನಿಯ ಚರಣ್ ಅವಳ ಮಣಿಕಟ್ಟಿಗೆ ಕೆಂಪು ವೃತ್ತ ಹಾಕಿ, ವಾಚನ್ನು ಎರಡು ಸಲ ನೋಡಿಕೊಳ್ಳುತ್ತಾಳೆ ಗಮನಿಸಿ, ಯಾರಿಗೋ ಕಾಯುತ್ತಿದ್ದಾಳೆ ಎಂದು ಬರೆದ. ಅದಕ್ಕೆ ಅರವತ್ತು ಜನ ಹೆಬ್ಬೆಟ್ಟು ಎತ್ತಿದರು. ನಡುವೆ ಯಾರೋ ಹೆಂಗಸು, "ದೂರದೂರಿನ ಹುಡುಗಿಗೆ ಇಲ್ಲಿ ಲೋಕಲ್ ಗಾರ್ಡಿಯನ್ ಅಂತ ಒಬ್ಬರು ಇರಬೇಕಲ್ಲ, ಆ ಪುಣ್ಯಾತ್ಮ ಎಲ್ಲಿ ಮಲಗಿದ್ದಾನೆ?" ಎಂದು ಕೇಳಿದ್ದರು. ಆ ಪುಣ್ಯಾತ್ಮ ಅದನ್ನು ಲಿಫ್ಟಿನಲ್ಲಿ ನಿಂತು ಓದಿದ. ಓದಿ, ಸುಮ್ಮನಿದ್ದರೆ ಅನುಮಾನ ಬಂದೀತೆಂದು, ಅದಕ್ಕೂ ಒಂದು ಹೆಬ್ಬೆಟ್ಟು ಎತ್ತಿದ.

ಗಾರ್ಡಿಯನ್ ಆದದ್ದು ಎರಡು ವರ್ಷದ ಹಿಂದೆ. ಅರಸೀಕೆರೆಯ ಅಕ್ಕ ಫೋನು ಮಾಡಿ, "ನಮ್ಮ ಪಕ್ಕದ ಮನೆ ಹುಡುಗಿ ಕಣೋ, ಐಎಎಸ್ ಓದಕ್ಕೆ ಬರ್ತಿದಾಳೆ, ಒಂದು ಸೈನ್ ಹಾಕಿಬಿಡು," ಎಂದಿದ್ದಳು. ದಿಲ್ಲಿಯಲ್ಲಿ ಕ್ವಾರ್ಟರ್ಸ್ ಇರುವ ಕನ್ನಡಿಗನಿಗೆ ಇಂಥ ಸೈನ್‌ಗಳು ಹೊಸದಲ್ಲ. ಊರಿನ ಮಕ್ಕಳ ಹಾಸ್ಟೆಲು, ಪಿಜಿ, ಕೋಚಿಂಗ್ ಅರ್ಜಿಗಳಲ್ಲಿ ಅವನು ಏಳೆಂಟು ಮಕ್ಕಳಿಗೆ ಪೋಷಕನಾಗಿದ್ದ, ಒಬ್ಬರ ಹೆಸರೂ ಸರಿಯಾಗಿ ನೆನಪಿರಲಿಲ್ಲ. ಪ್ರಕೃತಿಯ ಅರ್ಜಿಯನ್ನೂ ಓದದೆ ಸಹಿ ಮಾಡಿ, ಅವಳನ್ನು ಗುಂಪಿಗೆ ಸೇರಿಸಿ, "ಏನಿದ್ರೂ ಇಲ್ಲಿ ಕೇಳಮ್ಮ, ಎಲ್ಲ ನಮ್ಮವರೇ," ಎಂದಿದ್ದ. ಆಮೇಲೆ ಅವಳು ಮನೆಗೆ ಬಂದದ್ದು ಒಂದೇ ಸಲ, ಈ ಜುಲೈನಲ್ಲಿ, ಒಂದು ಭಾನುವಾರ ಊಟಕ್ಕೆ. ಅಹಲ್ಯಾ ಮಾಡಿದ ಸಾರನ್ನು ಕುಡಿದೇ ಮುಗಿಸಿದಳು, ಹರಿಣಿಯ ಜೊತೆ ಏನೋ ಆಡಿದಳು. ಬಿಟ್ಟುಬರಲು ಮೆಟ್ರೋ ನಿಲ್ದಾಣದ ತನಕ ಯೋಗೀಶ ಜೊತೆಗೆ ನಡೆದ. ಮಾರ್ಕೆಟ್ಟಿನ ಬಟ್ಟೆ ರಾಶಿಗಳ ನಡುವೆ, ಜನ ಭುಜ ತಾಗಿಸಿಕೊಂಡು ಹೋಗುತ್ತಿದ್ದಾಗ, ಅವಳು ತಟ್ಟನೆ ನಿಂತು, "ಅಂಕಲ್, ಪ್ರಿಲಿಮ್ಸ್ ಈ ಸಲಾನೂ ಆಗಿಲ್ಲ. ಮೂರನೇ ಸಲ. ಅಪ್ಪನಿಗೆ ಆಗಿದೆ ಅಂತ ಹೇಳಿದೀನಿ, ಮೇನ್ಸ್ ಬರೀತೀನಿ ಅಂತ. ಊರಿಗೆಲ್ಲ ಸ್ವೀಟ್ ಹಂಚಿದಾರೆ. ನಾನೇ ಹೇಳ್ತೀನಿ, ನೀವು ಹೇಳ್ಬೇಡಿ. ಯಾರಿಗಾದ್ರೂ ಒಬ್ರಿಗೆ ಹೇಳ್ಬೇಕಿತ್ತು," ಎಂದಳು. ಯೋಗೀಶನ ಕಣ್ಣು ಆ ಹೊತ್ತಿನಲ್ಲಿ ಹರಿಣಿಗೆ ಬೇಕಾಗಿದ್ದ ಜಾಕೆಟ್ಟಿನ ಮೇಲಿತ್ತು. "ಅಯ್ಯೋ, ಅದಕ್ಕೇನಮ್ಮ, ಮುಂದಿನ ಸಲ ಆಗುತ್ತೆ," ಎಂದ. ಅವಳು ನಕ್ಕು, "ಥ್ಯಾಂಕ್ಸ್ ಅಂಕಲ್," ಎಂದು ಜನರೊಳಗೆ ಹೋದಳು. ಅವನು ಮನೆಗೆ ಬಂದು ಮಲಗಿ ನಿದ್ದೆ ಮಾಡಿದ. ಅವಳಿಗೆ ಆಮೇಲೆ ಒಂದು ಫೋನೂ ಮಾಡಲಿಲ್ಲ.

ಅಂಥ ಮಾತನ್ನು ಗುರುವಾರ ಬೆಳಗ್ಗೆ ಗುಂಪಿನಲ್ಲಿ ಯಾಕೆ ಬರೆದ? ಅವಳ ಮಾನ ಕಾಪಾಡಲು ಎಂದು ಆಗ ಅವನು ತನಗೆ ತಾನೇ ಹೇಳಿಕೊಂಡಿದ್ದ. ಚರಣ್ ಅವಳಿಗೊಬ್ಬ ಪ್ರೇಮಿಯನ್ನು ಗಂಟು ಹಾಕುತ್ತಿದ್ದ, ಅದು ಸುಳ್ಳೆಂದು ತೋರಿಸಬೇಕಿತ್ತು. ಅದು ಪೂರ್ತಿ ನಿಜವಲ್ಲ. ಆರು ವರ್ಷದಿಂದ ಆ ಗುಂಪಿನಲ್ಲಿ ಅವನು ಹಾಕುವ ಹಬ್ಬದ ಶುಭಾಶಯಕ್ಕೆ ಮೂರು ಜನ ಕೈಮುಗಿದರೆ ಹೆಚ್ಚು. ಆಫೀಸಿನಲ್ಲಿ ಇಪ್ಪತ್ತೆಂಟರ ಅಧಿಕಾರಿಗಳು ಬಂದು, ಎರಡು ವರ್ಷ ಅವನ ಕೈಯಲ್ಲಿ ಕಡತ ಮಾಡಿಸಿಕೊಂಡು, ಹೋಗುವಾಗ ಅವನ ಹೆಸರು ಜ್ಞಾಪಕವಿಲ್ಲದೆ "ಥ್ಯಾಂಕ್ ಯೂ ಜೀ" ಎನ್ನುತ್ತಾರೆ. ಎಲ್ಲರೂ ಊಹಿಸುತ್ತಿರುವ ಒಂದು ವಿಷಯ ತನ್ನೊಬ್ಬನಿಗೇ ಗೊತ್ತು ಎಂಬುದು ನಾಲಿಗೆಯ ತುದಿಯಲ್ಲಿ ಕಡಿಯುತ್ತಿತ್ತು. ಬರೆಯುವ ರೀತಿಯೂ ಅವನಿಗೆ ಒಂದೇ ಗೊತ್ತಿದ್ದದ್ದು. ಕಡತದ ಟಿಪ್ಪಣಿಯ ಹಾಗೆ ಅಂಕಿ ಹಾಕಿ ಬರೆದ:

"ವಿಷಯ: ಕಾಣೆಯಾದ ಕು. ಪ್ರಕೃತಿ ಬಗ್ಗೆ. ೧) ಬಲ್ಲ ಮೂಲಗಳಂತೆ ಸದರಿಯವರು ಪ್ರಿಲಿಮ್ಸ್ ಪರೀಕ್ಷೆಯಲ್ಲಿ ಮೂರನೆಯ ಬಾರಿಯೂ ಅನುತ್ತೀರ್ಣರಾಗಿರುತ್ತಾರೆ. ೨) ಮೇನ್ಸ್ ಬರೆಯುತ್ತಿರುವುದಾಗಿ ತಂದೆತಾಯಿಗೆ ಸುಳ್ಳು ಮಾಹಿತಿ ನೀಡಿರುತ್ತಾರೆ. ೩) ಮೇನ್ಸ್‌ಗೆ ಮೂರು ದಿನವಿರುವಾಗ ಕಾಣೆಯಾಗಿರುವುದನ್ನೂ ನಾಯಿಯನ್ನು ಬಿಟ್ಟುಕಳಿಸಿರುವುದನ್ನೂ ಗಮನಿಸಿದಲ್ಲಿ ಇದು ಪೂರ್ವಯೋಜಿತವೆಂದು ಭಾವಿಸಬಹುದಾಗಿದೆ. ಸದಸ್ಯರ ಅವಗಾಹನೆಗೆ."

ಎರಡು ದಿನದಿಂದ ಎಲ್ಲರೂ ಏನೇನೋ ಹೇಳುತ್ತಿದ್ದರು, ಯಾವುದೂ ನಿಂತಿರಲಿಲ್ಲ. ಇದು ನಿಂತುಬಿಟ್ಟಿತು. ಸರ್ಕಾರದವರೇ ಬರೆದ ಹಾಗಿದೆ ಎಂದು ಜನ ಬೇರೆ ಗುಂಪುಗಳಿಗೆ ದಾಟಿಸಿದರು. ಪಾಪದ ಹುಡುಗಿ ಎನ್ನುತ್ತಿದ್ದವರು ಮಧ್ಯಾಹ್ನದ ಹೊತ್ತಿಗೆ ಸುಳ್ಳಿ ಎನ್ನತೊಡಗಿದರು. ಚರಣ್ ಕೂಡ, "ಸೂಪರ್ ಸಾರ್, ಇದು ಮ್ಯಾಚ್ ಆಗುತ್ತೆ," ಎಂದು ಬರೆದ. ಯೋಗೀಶನಿಗೆ ಖುಷಿಯಾಗಿತ್ತು. ಗಂಟೆಗೊಮ್ಮೆ ಬೆರಳು ಒತ್ತಿ ಎಷ್ಟು ಜನ ಓದಿದರು ಎಂದು ನೋಡುತ್ತಿದ್ದ. ಹಾಗೆ ನೋಡುವಾಗಲೇ ನಿನ್ನೆ ಸಂಜೆ ಆ ಹೆಸರು ಕಣ್ಣಿಗೆ ಬಿದ್ದು, ಕೈಯಲ್ಲಿದ್ದ ಚಹಾ ಕಡತದ ಮೇಲೆ ಚೆಲ್ಲಿತು. ಸಂದೇಶವನ್ನು ಅಳಿಸಿಬಿಡಬೇಕೆಂದು ಬೆರಳು ಹೋಯಿತು. ಅಳಿಸಿದರೆ ಅವಳು ಬದುಕಿರುವ ಗುರುತೂ ಹೋಗುತ್ತದೆ, ಉಳಿಸಿದರೆ ತನ್ನ ಮಾನ ಹೋಗುತ್ತದೆ. ಬೆರಳು ಹಿಂದಕ್ಕೆ ಬಂತು. ರಾತ್ರಿ ಚಂದ್ರಪ್ಪ ಚೀಲ ಕೆಳಗಿಡುವ ಮುಂಚೆಯೇ, "ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ ಸಾರ್?" ಎಂದು ಕೇಳಿದ್ದರು. "ಇಲ್ಲವಲ್ಲ, ಏನೂ ಹೇಳಿರಲಿಲ್ಲ," ಎಂದಿದ್ದ.

ಆಟೋದಲ್ಲಿ ಚಂದ್ರಪ್ಪ ಅವನ ಪಕ್ಕ ಮೈ ಕುಗ್ಗಿಸಿಕೊಂಡು ಕೂತಿದ್ದರು. ಹೊರಗೆ ಆಗಸ್ಟಿನ ಧಗೆ. ಸಿಗ್ನಲ್ಲಿನಲ್ಲಿ ಯಾರೋ ಬಾಚಣಿಗೆ ಮಾರಲು ಬಂದರು. ಹೇಳಬೇಕಾದದ್ದು ಬಹಳ ಸುಲಭವಾಗಿತ್ತು: ಅದು ಅವಳಲ್ಲ, ನೀವು ಬರಬೇಕಾಗಿಲ್ಲ. ಇಷ್ಟು ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂಬ ಮಾತು ಬರುತ್ತದೆ. ಅಷ್ಟಕ್ಕೂ ಆ ಫೋನು ಕಳ್ಳನ ಕೈಯಲ್ಲಿದ್ದಿರಬಹುದು, ಅವನೇ ತೆರೆದು ನೋಡಿರಬಹುದು, ಖಾತ್ರಿಯಿಲ್ಲದ್ದನ್ನು ಹೇಳಿ ಹೆತ್ತವರಿಗೆ ಆಸೆ ಹುಟ್ಟಿಸುವುದು ತಪ್ಪಲ್ಲವೇ ಎಂದು ಯೋಗೀಶ ತನ್ನೊಳಗೇ ಒಂದು ಟಿಪ್ಪಣಿ ಬರೆದುಕೊಂಡ. ಬರೆದುಕೊಂಡದ್ದು ಶುದ್ಧ ನೆಪ ಎಂಬುದು ಅವನಿಗೆ ಗೊತ್ತಿತ್ತು.

"ಅವಳಿಗೆ ನಾಯಿ ಅಂದ್ರೆ ಭಯ ಸಾರ್, ಚಿಕ್ಕವಳಿದ್ದಾಗ," ಎಂದರು ಚಂದ್ರಪ್ಪ. "ಬಸ್‌ಸ್ಟ್ಯಾಂಡಿಗೆ ನನಗೆ ಊಟ ತರೋಳು. ನಾಯಿ ಇದ್ರೆ ಗೇಟಿನಾಚೆನೇ ನಿಂತುಬಿಡೋಳು. ನಾನು ಮೈಕಲ್ಲಿ, ಅಮ್ಮ ಪ್ರಕೃತಿ ಒಳಗೆ ಬಾರಮ್ಮ ಅಂತ ಕೂಗ್ಬೇಕು, ಆಗ ಬರೋಳು. ಪ್ಯಾಸೆಂಜರೆಲ್ಲ ನಗೋರು." ಆಮೇಲೆ, "ನಿಮ್ಮಂಥೋರು ಇಲ್ಲಿದೀರಿ ಅಂತಲೇ ನಾನು ಧೈರ್ಯವಾಗಿ ಕಳಿಸಿದ್ದು," ಎಂದರು. ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಯೋಗೀಶನಿಗೆ ಎಷ್ಟೋ ಹಗುರವಾಗುತ್ತಿತ್ತು.

ಶವಾಗಾರ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಬೇವಿನ ಮರದ ಕೆಳಗೆ ಸಿಮೆಂಟು ಬೆಂಚು, ಅದರ ಮೇಲೆ ಯಾರ ಜೊತೆಯೂ ಮಾತಾಡದೆ ಕೂತ ಎರಡು ಕುಟುಂಬಗಳು. ಫಿನಾಯಿಲ್ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ. ಹೆಡ್ ಕಾನ್‌ಸ್ಟೇಬಲ್ ಕಾಗದದ ಮೇಲೆ ಪೆನ್ನು ಊರಿ ಕಾಯುತ್ತಿದ್ದ. ಒಳ್ಳೆಯ ಮನುಷ್ಯನಂತೆ ಕಂಡ. ಚಂದ್ರಪ್ಪನವರನ್ನು ಒಮ್ಮೆ ನೋಡಿ, ದನಿ ತಗ್ಗಿಸಿ, "ಬುಜುರ್ಗ್ ಕೋ ರೆಹನೇ ದೋ. ಆಪ್ ಗಾರ್ಡಿಯನ್ ಹೋ ನಾ? ಆಪ್ ಹೀ ಅಂದರ್ ಜಾಕೇ ದೇಖ್ ಲೋ," ಎಂದ. ಮುದುಕರು ಇರಲಿ, ನೀವೇ ಹೋಗಿ ನೋಡಿ. ಒಳಗಿರುವುದು ಪ್ರಕೃತಿಯಲ್ಲ ಎಂದು ಗೊತ್ತಿದ್ದವನು ಯೋಗೀಶನೊಬ್ಬನೇ, ಹೋಗಿ ಬಂದರೆ ಅವನು ಕಳೆದುಕೊಳ್ಳುವುದೇನೂ ಇರಲಿಲ್ಲ. ಆದರೆ ಹೋಗಲಿಲ್ಲ. ನೀರಿನಲ್ಲಿ ಊದಿದ ಹೆಣದ ಮುಖವನ್ನು ನೆನೆದೇ ಬೆವರಿದ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಕಾನ್‌ಸ್ಟೇಬಲ್ ಹೇಳಿದ್ದನ್ನು ಕನ್ನಡದಲ್ಲಿ ಹೇಳಲೂ ಇಲ್ಲ. ಹಿಂದಿ ಬಾರದ ಚಂದ್ರಪ್ಪ ಇಬ್ಬರ ಮುಖ ನೋಡಿದರು. ಕಾನ್‌ಸ್ಟೇಬಲ್‌ನ ಕೈ ಬಾಗಿಲ ಕಡೆಗಿರುವುದನ್ನು ಕಂಡು, ತನ್ನನ್ನೇ ಕರೆಯುತ್ತಿದ್ದಾರೆಂದು ತಿಳಿದು, ಎದ್ದರು. ಬಾಗಿಲ ಬಳಿ ಹೋಗಿ ಚಪ್ಪಲಿ ಬಿಟ್ಟರು. ಒಂದರ ಪಕ್ಕ ಒಂದನ್ನು ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋದರು.

ಆಗಲೂ ಕೂಗಬಹುದಿತ್ತು. ಬಾಗಿಲು ಮುಚ್ಚುವ ತನಕ ಸಮಯವಿತ್ತು.

ಮೂರು ನಿಮಿಷವೋ ನಾಲ್ಕೋ. ಹೊರಗೆ ಬಂದ ಚಂದ್ರಪ್ಪ ಗೋಡೆ ಹಿಡಿದು ನಿಂತರು, ಆಮೇಲೆ ಬೆಂಚಿನ ಮೇಲೆ ಕೂತರು. ತಲೆ ಅಲ್ಲಾಡಿಸಿದರು. "ಅಲ್ಲ ಸಾರ್. ನಮ್ಮ ಮಗಳಲ್ಲ. ಇದು ಬೇರೆ ಯಾರದೋ ಮಗು, ಕೈ ಮೇಲೆ ಹಚ್ಚೆ ಇದೆ." ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. "ಬಟ್ಟೆ ಸರಿಸಿದ್ರಲ್ಲ, ಅಲ್ಲ ಅಂತ ಗೊತ್ತಾದ ತಕ್ಷಣ ನನಗೆ ಸಂತೋಷ ಆಯ್ತು ಸಾರ್. ಒಂದು ಹೆಣ್ಣುಮಗು ಅಲ್ಲಿ ಹಂಗೆ ಮಲಗಿದೆ, ನನಗೆ ಸಂತೋಷ. ಕೈಮುಗಿದುಬಿಟ್ಟೆ. ಎಂಥಾ ಮನುಷ್ಯ ಸಾರ್ ನಾನು? ಥೂ. ನಾಚಿಕೆಯಾಗಬೇಕು ನನಗೆ."

ಆ 'ಥೂ' ಯೋಗೀಶನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಆದರೆ ಮಾಡದ ತಪ್ಪಿಗೆ ಈ ಮನುಷ್ಯ ನಾಚುತ್ತಿದ್ದಾನೆ, ಮಾಡಿದವನು ಪಕ್ಕದಲ್ಲಿ ನಿಂತು ಸಮಾಧಾನ ಹೇಳಬೇಕಾಗಿದೆ. ಜೇಬಿನಿಂದ ಫೋನು ತೆಗೆದು, ಸಂದೇಶ ತೆರೆದು, ಚಂದ್ರಪ್ಪನವರ ಕೈಗಿಟ್ಟ. ಅವರು ಕನ್ನಡಕ ಹಾಕಿಕೊಂಡು, ತುಟಿ ಆಡಿಸುತ್ತ, ಅಂಕಿಯಿಂದ ಅಂಕಿಗೆ ಓದಿದರು. ಬಿಸಿಲು ಎಲೆಗಳ ಸಂದಿನಿಂದ ಅವರ ಅಂಗಿಯ ಮೇಲೆ ಬೀಳುತ್ತಿತ್ತು.

"ಮೂರನೇ ಸಲಾನೂ ಆಗಿರಲಿಲ್ವಾ?"

"ಇಲ್ಲ."

"ನಿಮಗೆ ಹೇಳಿದ್ಲಾ?"

"ಹೂಂ. ಜುಲೈನಲ್ಲಿ. ಯಾರಿಗೂ ಹೇಳ್ಬೇಡಿ ಅಂದಿದ್ಲು."

ಚಂದ್ರಪ್ಪ ಫೋನನ್ನೇ ನೋಡುತ್ತ ಕೂತರು. ಯೋಗೀಶ ಬಗ್ಗಿ, ಓದಿದವರ ಪಟ್ಟಿಯನ್ನು ತೆರೆದು, ಮಗಳ ಹೆಸರು ಬರುವ ತನಕ ಸರಿಸಿದ. "ಇಲ್ಲಿ ನೋಡಿ. ಅವಳು ಇದನ್ನ ಓದಿದಾಳೆ. ಗುರುವಾರ."

ಆ ಮುಖದಲ್ಲಿ ಮೊದಲು ಬಂದದ್ದು ಬೆಳಕು. ಅದನ್ನು ಯೋಗೀಶ ಸಾಯುವ ತನಕ ಮರೆಯಲಾರ. "ಗುರುವಾರ ನಾಲ್ಕು ಹದಿನೇಳು," ಎಂದು ಚಂದ್ರಪ್ಪ ಎರಡು ಸಲ ಹೇಳಿಕೊಂಡರು. "ಇದಾಳೆ. ಇದಾಳೆ ಸಾರ್." ಆಮೇಲೆ, ನಿಧಾನವಾಗಿ, ಆ ಮುಚ್ಚಿದ ಬಾಗಿಲ ಕಡೆ ತಿರುಗಿದರು. "ಇದನ್ನ ನೀವು ಯಾವಾಗ ನೋಡಿದ್ರಿ?"

"ನಿನ್ನೆ ಸಂಜೆ."

"ನಾನು ಒಳಗೆ ಹೋಗೋ ಮೊದ್ಲೇ ಗೊತ್ತಿತ್ತು."

ಅದು ಪ್ರಶ್ನೆಯಾಗಿರಲಿಲ್ಲ. ಆದರೂ ಯೋಗೀಶ, "ಗೊತ್ತಿತ್ತು," ಎಂದ.

ಚಂದ್ರಪ್ಪ ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. ಫೋನನ್ನು ಕಾನ್‌ಸ್ಟೇಬಲ್‌ಗೆ ತೋರಿಸಿ ಎಂದು ಸನ್ನೆ ಮಾಡಿದರು. ಕಾನ್‌ಸ್ಟೇಬಲ್ ಅದರ ಅರ್ಥವನ್ನು ಹಿಂದಿಯಲ್ಲಿ ಕೇಳಿ ತಿಳಿದು, ತನ್ನ ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡು, ಸಾಹೇಬರಿಗೆ ಕಳಿಸಿ, "ಪೆಹಲೇ ಬತಾನಾ ಥಾ ನಾ, ಭಾಯಿಸಾಬ್," ಮೊದಲೇ ಹೇಳಬೇಕಿತ್ತಲ್ಲ, ಎಂದು ಯೋಗೀಶನನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದ. ಗುರುವಾರ ಸಂಜೆ ಆ ಫೋನು ಎಲ್ಲಿತ್ತು ಎಂದು ಹುಡುಕಿಸುವುದಾಗಿ ಹೇಳಿ ಒಳಗೆ ಹೋದ.

"ಅವಳು ಇನ್ನೂ ಆ ಗುಂಪಲ್ಲಿ ಇದಾಳಾ?" ಎಂದರು ಚಂದ್ರಪ್ಪ.

"ಇದಾಳೆ."

"ಫೋನು ಮಾಡಿದ್ರೆ ಎತ್ತಲ್ಲ, ಅದನ್ನ ಮಾತ್ರ ನೋಡ್ತಾಳೆ. ಹಾಗಾದ್ರೆ ಅಲ್ಲೇ ಬರೀರಿ. ಎಲ್ರೂ ಓದ್ಲಿ, ಪರವಾಗಿಲ್ಲ. ಮೊದ್ಲು ನಿಮ್ದು ಬರೀರಿ. ಆಮೇಲೆ ನಂದು ಹೇಳ್ತೀನಿ."

ಯೋಗೀಶ ಬೆಂಚಿನ ಮೇಲೆ ಕೂತ. 'ಈ ಮೂಲಕ' ಎಂದು ಬೆರಳು ತಾನಾಗಿ ಬರೆಯಿತು. ಅಳಿಸಿದ. ಅಂಕಿಯಿಲ್ಲದೆ, ವಿಷಯವೆಂಬ ತಲೆಬರಹವಿಲ್ಲದೆ ಬರೆಯಲು ಬಹಳ ಹೊತ್ತು ಹಿಡಿಯಿತು. ಬರೆಯುತ್ತ ಹೋದಂತೆ, ಎಲ್ಲವನ್ನೂ ಹೊರಗೆ ಹಾಕಿಬಿಡಬೇಕೆಂಬ ಆತುರ ಹುಟ್ಟಿತು. ನೂರ ಎಂಬತ್ತು ಜನ ಉಗಿಯಲಿ, ಉಗಿದರೆ ಮುಗಿಯುತ್ತದೆ. ಬರೆದದ್ದನ್ನು ಚಂದ್ರಪ್ಪನವರ ಮುಂದೆ ಹಿಡಿದ.

"ಪ್ರಕೃತಿ, ನಿನ್ನ ಗಾರ್ಡಿಯನ್ ನಾನು, ಯೋಗೀಶ. ನೀನು ನನ್ನೊಬ್ಬನಿಗೆ ನಂಬಿ ಹೇಳಿದ್ದನ್ನು ಇಲ್ಲಿ ಎಲ್ಲರ ಮುಂದೆ ಬರೆದವನೂ ನಾನೇ. ನನ್ನದು ತಪ್ಪು. ನೀನು ಓದಿದ್ದೀಯ, ಬದುಕಿದ್ದೀಯ ಎಂದು ಗೊತ್ತಿದ್ದೂ ನಿಮ್ಮಪ್ಪನನ್ನು ಇವತ್ತು ಶವಾಗಾರದೊಳಗೆ ಹೋಗಲು ಬಿಟ್ಟೆ."

ಚಂದ್ರಪ್ಪ ಓದಿದರು. ಮತ್ತೊಮ್ಮೆ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ತೆಗೀರಿ."

"ಚಂದ್ರಪ್ಪನವರೇ, ಅದು ಇರ್ಲಿ. ನಾನು ಹೇಳ್ಬೇಕು."

"ನಾನು ಇಂಥಾ ಜಾಗಕ್ಕೆ ಬಂದಿದ್ದೆ ಅಂತ ಗೊತ್ತಾದ್ರೆ ಅವಳಿಗೆ ನನಗೆ ಮುಖ ತೋರಿಸಕ್ಕಾಗಲ್ಲ. ಬರೋದಿಲ್ಲ ಅವಳು." ಚಂದ್ರಪ್ಪನವರ ದನಿ ಏರಲಿಲ್ಲ. "ಅದು ಅವಳಿಗೆ ಬೇಡ, ಊರಿಗೂ ಬೇಡ. ನಿಮ್ಮ ಹತ್ರನೇ ಇಟ್ಕೊಳ್ಳಿ ಸಾರ್."

ಯೋಗೀಶ ಆ ಸಾಲನ್ನು ಕೊನೆಯಿಂದ ಒಂದೊಂದೇ ಅಕ್ಷರವಾಗಿ ಅಳಿಸಿ, ಉಳಿದದ್ದನ್ನು ಕಳಿಸಿದ. ಚಂದ್ರಪ್ಪ, ಬಸ್ ನಿಲ್ದಾಣದ ಮೈಕಿನ ಮುಂದೆ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡು, "ಈಗ ನಂದು ಬರ್ಕೊಳ್ಳಿ," ಎಂದರು.